ಬಾಯಿ ಆಡಿಸಿದರೆ ಸಾಕು

ನಮ್ಮ ಕಡೆ ಮೊಟ್ಟಮೊದಲು ಟಿವಿ ಧಾರಾವಾಹಿ ತೆಗೆದವರು ಯಾರು ಎಂದು ಬನಹಟ್ಟಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಹೆಸರು ಹೇಳುವ ಮೊದಲು ಅವರು ಒಮ್ಮೆ ನಗುತ್ತಾರೆ. ನಕ್ಕು, "ಮತ್ತ್ಯಾರು, ನಮ್ಮ ಪುಂಡಿಪಲ್ಯ ಕಾಶಪ್ಪ" ಎನ್ನುತ್ತಾರೆ. ಕಾಶಪ್ಪ ಹುನ್ನೂರನಿಗೆ ಈ ಹೆಸರು ಸೇರುವುದಿಲ್ಲ. 'ಕಿರುತೆರೆಯ ಪಿತಾಮಹ' ಎಂಬ ಬಿರುದನ್ನು ಅವನೇ ಆರಿಸಿಕೊಂಡು, ಬ್ಯಾನರ್ ಮಾಡಿಸಿ, ತನ್ನ ಮನೆಯ ಮುಂದೆ ತಾನೇ ಏಣಿ ಹತ್ತಿ ಕಟ್ಟಿದ್ದ. ಮೊದಲ ಮಳೆ ಬಿದ್ದ ದಿನ ಹೆಂಡತಿ ಸಾವಕ್ಕ ಅದನ್ನು ಬಿಚ್ಚಿ ನೂಲಿನ ಮೂಟೆಗಳ ಮೇಲೆ ಹೊದಿಸಿದಳು. ಪಿತಾಮಹ ಹೋದ, ಪುಂಡಿಪಲ್ಯ ಉಳಿಯಿತು.

ಕಾಶಪ್ಪ ನೇಕಾರರ ಮನೆಯಲ್ಲಿ ಹುಟ್ಟಿದವನು. ಹುಟ್ಟಿದ್ದಷ್ಟೇ. ಅಪ್ಪ ಮಗ್ಗದ ಹತ್ತಿರ ಕೂಡ್ರಿಸಿ ಲಾಳಿ ಕೈಗೆ ಕೊಟ್ಟರೆ, ಅದನ್ನು ಕಠಾರಿಯಂತೆ ಎದೆಗೆ ಹಿಡಿದು "ಹಾ! ಮೋಸ!" ಎಂದು ಕೂಗಿ ಮಗ್ಗಕ್ಕೆ ಬಿಗಿದ ಹಾಸಿನ ನೂಲಿನ ಮೇಲೆ ಒರಗಿ ಸಾಯುತ್ತಿದ್ದ. ಎಳೆಗಳು ಹರಿಯುತ್ತಿದ್ದವು. ಆಮೇಲೆ ಅಪ್ಪನ ಕೈಯಲ್ಲಿ ನಿಜವಾಗಿಯೂ ಸಾಯುವ ಹಾಗೆ ಏಟು ತಿನ್ನುತ್ತಿದ್ದ. ಮೀಸೆ ಮೂಡುವ ಹೊತ್ತಿಗೆ ಮುಧೋಳದಲ್ಲಿ ಒಂದು ನಾಟಕ ಕಂಪನಿ ಕ್ಯಾಂಪ್ ಹಾಕಿತು. ಆಟ ನೋಡಲು ಹೋದ ಹುಡುಗ ಮನೆಗೆ ಬರಲಿಲ್ಲ. ಅಪ್ಪನೂ ಹುಡುಕಲು ಬಹಳ ಅವಸರ ಮಾಡಲಿಲ್ಲ. ಹಾಸು ಉಳಿಯಿತಲ್ಲ ಎಂದು ಸುಮ್ಮನಾದ.

ಆಳು ಎತ್ತರ, ದನಿ ದೊಡ್ಡದು, ಕಣ್ಣು ಇನ್ನೂ ದೊಡ್ಡವು. ಕೈ ಎತ್ತಿದರೆ ಕಟ್ಟಕಡೆಯ ಸಾಲಿನಲ್ಲಿ ಶೇಂಗಾ ಸುಲಿಯುತ್ತ ಕೂತವನಿಗೂ ಕಾಣಬೇಕು ಎಂಬುದು ಕಾಶಪ್ಪನ ಸಿದ್ಧಾಂತ. ಆದರೆ ಅವನಿಗೆ ಮಾತು ಬಾಯಿಪಾಠ ಆಗುತ್ತಿರಲಿಲ್ಲ. ಪರದೆಯ ಹಿಂದೆ ಪ್ರಾಂಪ್ಟರ್ ನಿಂತು ಒಂದೊಂದೇ ಸಾಲನ್ನು ಪಿಸುಗುಟ್ಟಬೇಕು, ಕಾಶಪ್ಪ ಅದನ್ನು ಗುಡುಗಬೇಕು. ಒಂದು ಸಲ ಪ್ರಾಂಪ್ಟರನಿಗೆ ಕೆಮ್ಮು ಹತ್ತಿದಾಗ ಸಿಂಹಾಸನದ ಮೇಲಿದ್ದ ಮಹಾರಾಜನೂ ಗತ್ತಿನಿಂದ ಅಷ್ಟೇ ಸಲ ಕೆಮ್ಮಿದ್ದ.

ಇನ್ನೊಂದು ಕೊರತೆಯನ್ನು ಅವನು ಯಾರ ಮುಂದೆಯೂ ಆಡಿದವನಲ್ಲ. ನಮ್ಮ ಕಡೆಯ ನಾಟಕಗಳಲ್ಲಿ ಹಾಡೋ ಮಾತೋ ಜನರ ಮನಸ್ಸಿಗೆ ಹತ್ತಿತೆಂದರೆ 'ಒನ್ಸ್ ಮೋರ್' ಎಂಬ ಕೂಗು ಬೀಳುತ್ತದೆ. ನಟ ಅದನ್ನೇ ಮತ್ತೆ ಮಾಡಿ ತೋರಿಸಬೇಕು. ಸತ್ತವನಾದರೂ ಎದ್ದು ಧೂಳು ಕೊಡವಿಕೊಂಡು ಇನ್ನೊಮ್ಮೆ ಸಾಯಬೇಕು. ಕಂಪನಿಯಲ್ಲಿ ತಟ್ಟೆ ಹಿಡಿದು ಬಂದು ಹೋಗುವ ಆಳಿನ ಪಾತ್ರದವನಿಗೂ ಒನ್ಸ್ ಮೋರ್ ಸಿಕ್ಕಿತ್ತು. ಕಾಶಪ್ಪನಿಗೆ ಒಮ್ಮೆಯೂ ಇಲ್ಲ. ಬೇರೆಯವರಿಗೆ ಕೂಗು ಬಿದ್ದಾಗ ಅವನು ಬಣ್ಣ ಒರೆಸಿಕೊಳ್ಳುವ ನೆಪದಲ್ಲಿ ಟವೆಲ್ಲಿನೊಳಗೆ ಮುಖ ಮುಚ್ಚಿಕೊಂಡು ಕೂತುಬಿಡುತ್ತಿದ್ದ.

ಮನೆಯವರು ಹಿಡಿದು ತಂದು ಅವನಿಗೆ ರಬಕವಿಯ ಸಾವಕ್ಕನನ್ನು ಮದುವೆ ಮಾಡಿದರು. ಸಾವಕ್ಕ ಮಗ್ಗದ ಸಪ್ಪಳದಲ್ಲೇ ತೊಟ್ಟಿಲು ತೂಗಿಸಿಕೊಂಡ ಹೆಣ್ಣು. ಮಾತು ಕಡಿಮೆ, ಆಡಿದ ಮಾತಿಗೆ ಎರಡಿಲ್ಲ. ಮದುವೆಯಾದ ಹೊಸದರಲ್ಲಿ ಕಂಪನಿ ತೇರದಾಳದಲ್ಲಿತ್ತು. ಕಾಶಪ್ಪ ಹೆಂಡತಿಯನ್ನು ಕರೆದೊಯ್ದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂಡ್ರಿಸಿದ. ಅವನ ನಸೀಬಿಗೆ ಅಂದೇ ನಾಯಕ ಪಾತ್ರದವನಿಗೆ ಜ್ವರ ಬಂದು, ಕಾಶಪ್ಪನಿಗೆ ರಾಜಕುಮಾರನ ಕಿರೀಟ ಸಿಕ್ಕಿತು. ರಂಗದ ಮೇಲೆ ನಟಿಯ ಮುಂದೆ ಮೊಣಕಾಲೂರಿ, "ನೀನಿಲ್ಲದ ಈ ಅರಮನೆ ನನಗೆ ಸ್ಮಶಾನ" ಎಂದು ಅತ್ತ. ಖರೇ ಖರೇ ಕಣ್ಣೀರು ಸುರಿಸಿದ. ಈ ಸಲವಾದರೂ ಒನ್ಸ್ ಮೋರ್ ಬಿದ್ದೀತು ಎಂದು ಜನರ ಕಡೆ ಓರೆಗಣ್ಣು ಹಾಯಿಸಿದರೆ, ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ. ಸಾವಕ್ಕ ಸೆರಗು ಬಿಗಿದು ಬಾಗಿಲ ಕಡೆ ನಡೆದಿದ್ದಳು.

"ಮನ್ಯಾಗ ನನ್ನ ಕೂಡ ಒಂದ್ ಮಾತಿಲ್ಲ, ಕತಿಯಿಲ್ಲ. ಆಕಿ ಮುಂದ ಮಾತಿನ ಚೀಲಾನ ಬಿಚ್ಚಿದ್ರಿ" ಎಂದಳು ಮನೆಗೆ ಬಂದ ಮೇಲೆ.

"ಏ ಹುಚ್ಚಿ, ಅವು ಬರದು ಕೊಟ್ಟ ಮಾತು. ಹಿಂದ ಪ್ರಾಂಪ್ಟರ್ ಹೇಳ್ತಾನ, ಮುಂದ ನಾ ಹೇಳ್ತೇನಿ."

"ಹಂಗಾದ್ರ ನಿಮ್ಮ ಸ್ವಂತದ್ದೊಂದು ಮಾತು ನನಗ ಹೇಳ್ರಿ."

ಕಾಶಪ್ಪ ಬಾಯಿ ತೆರೆದ. ಹಿಂದೆ ಪ್ರಾಂಪ್ಟರ್ ಇರಲಿಲ್ಲ. ತೆರೆದ ಬಾಯಿಯನ್ನು ಹಾಗೇ ಮುಚ್ಚಿದ.

"ಬರದು ಕೊಟ್ಟ ಮಾತು ಹೇಳಾವ್ರನ್ನ ನಾ ಯಾಕ ನೋಡ್ಲಿ?" ಎಂದ ಸಾವಕ್ಕ ಅಂದಿನಿಂದ ಗಂಡನ ಒಂದು ಆಟವನ್ನೂ ನೋಡಲಿಲ್ಲ. ಕಂಪನಿ ಬನಹಟ್ಟಿಗೇ ಬಂದು ಮನೆಯ ಹಿಂದಿನ ಬಯಲಿನಲ್ಲಿ ಡೇರೆ ಹೊಡೆದಾಗಲೂ ಅವಳು ಕಿಟಕಿ ಹಾಕಿಕೊಂಡು ನೂಲಿನ ಕಂಡಕಿ ಸುತ್ತುತ್ತ ಕೂತಳು. ಜಮಖಂಡಿ, ಬೀಳಗಿ, ಲೋಕಾಪುರ, ಎಲ್ಲಿ ಯಾರು ಚಪ್ಪಾಳೆ ಹೊಡೆದರೂ ಕಾಶಪ್ಪನಿಗೆ ಆ ಖಾಲಿ ಕುರ್ಚಿಯೇ ಕಾಣುತ್ತಿತ್ತು. ಲೋಕವೆಲ್ಲ ನೋಡಲಿ ಬಿಡಲಿ, ಸಾವಕ್ಕ ಒಮ್ಮೆ ತನ್ನ ಆಟವನ್ನು ಕೊನೆತನಕ ನೋಡಬೇಕು. ಅವನಿಗೆ ಬೇಕಾದದ್ದು ಅದೊಂದೇ.

ಅವನು ಊರೂರು ತಿರುಗುತ್ತಿದ್ದ ಆ ವರ್ಷಗಳಲ್ಲಿ ಸಾವಕ್ಕ ಕೈಮಗ್ಗ ತೆಗೆಸಿ ಎರಡು ಪಾವರ್‌ಲೂಮ್ ಹಾಕಿಸಿದಳು, ಅತ್ತೆ ಮಾವನನ್ನು ನೋಡಿಕೊಂಡಳು, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದಳು. ಎರಡನೆಯ ಮಗಳ ಮದುವೆಗೆ ಕಾಶಪ್ಪ ರಾವಣನ ಮೀಸೆಯ ಅಂಟು ಕೂಡ ಪೂರ್ತಿ ತೊಳೆಯದೆ ಓಡಿಬಂದು ಅಕ್ಷತೆ ಹಾಕಿದ್ದ.

ಆಮೇಲೆ ಮನೆಮನೆಗೂ ಟಿವಿ ಬಂತು. ನಾಟಕದ ಡೇರೆಗಳಲ್ಲಿ ಜನಕ್ಕಿಂತ ಕುರ್ಚಿ ಹೆಚ್ಚಾದವು. ಕಂಪನಿ ಮುಚ್ಚಿತು. ಕಾಶಪ್ಪ ಒಂದು ಟ್ರಂಕು, ಎರಡು ವಿಗ್ಗು, ಒಂದು ತಗಡಿನ ಕಿರೀಟ ಹೊತ್ತುಕೊಂಡು ಬನಹಟ್ಟಿಗೆ ಮರಳಿದ.

ಮನೆಯಲ್ಲಿ ಅವನಿಗೆ ಪಾತ್ರವಿರಲಿಲ್ಲ. ಒಂದು ಮಗ್ಗದ ಮೇಲೆ ಸಾವಕ್ಕ, ಇನ್ನೊಂದರ ಮೇಲೆ ನೆರೆಮನೆಯ ತಂಗೆವ್ವ. ಮುಂಜಾನೆಯಿಂದ ಸಂಜೆಯವರೆಗೆ ಖಟಖಟ ಖಟಖಟ. ಆ ಸಪ್ಪಳದಲ್ಲಿ ಪಕ್ಕದಲ್ಲೇ ಢೋಲು ಬಾರಿಸಿದರೂ ಕೇಳುವಂತಿರಲಿಲ್ಲ. ಇಬ್ಬರೂ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತ ಸದಾ ಬಾಯಿ ಆಡಿಸುತ್ತಿದ್ದರು. ಎಲೆ ಅಡಿಕೆ ಜಗಿಯುತ್ತಾರೆ ಎಂದುಕೊಂಡ ಕಾಶಪ್ಪ. ಒಮ್ಮೊಮ್ಮೆ ಸಾವಕ್ಕ ಅವನ ಕಡೆ ತಿರುಗಿಯೂ ಬಾಯಿ ಆಡಿಸುವಳು. ಇವನು ದೊಡ್ಡಸ್ತಿಕೆಯಿಂದ ತಲೆಯಾಡಿಸುವನು. ಹಾಗೆ ತಲೆಯಾಡಿಸಿದ ಒಂದು ದಿನ ಒಲೆಯ ಮೇಲಿನ ಹಾಲೆಲ್ಲ ಉಕ್ಕಿ ಹೋಗಿ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ತನಗೂ ಹಾಲಿಗೂ ಏನು ಸಂಬಂಧ ಎಂಬುದು ಅವನಿಗೆ ತಿಳಿಯಲೇ ಇಲ್ಲ.

ಕಟ್ಟೆಯ ಮೇಲೆ ಕೂತು ಕೂತು ಬೇಸತ್ತ ಕಾಶಪ್ಪನಿಗೆ ಒಂದು ದಿನ ತನ್ನ ಹೊಟ್ಟೆಯ ಮೇಲೆ ಹೊಡೆದ ಟಿವಿಯೊಳಗೇ ಹೊಕ್ಕರೆ ಹೇಗೆ ಎಂಬ ವಿಚಾರ ಬಂತು. ಬನಹಟ್ಟಿಯಲ್ಲಿ ರಾಜಕುಮಾರ ಎಂಬವನು ಕೇಬಲ್ ನಡೆಸುತ್ತಿದ್ದ. ರಬಕವಿಯಿಂದ ತೇರದಾಳದವರೆಗೆ ಅವನ ವೈರುಗಳು ಹಬ್ಬಿದ್ದವು. ಬಿಡುವಿನ ವೇಳೆಯಲ್ಲಿ ಮದುವೆಗಳ ವಿಡಿಯೋ ತೆಗೆಯುತ್ತಿದ್ದ.

"ರಾಜಕುಮಾರ, ನಿನ್ನ ಚಾನೆಲ್‌ನ್ಯಾಗ ಏನೇನ್ ತೋರಸ್ತಿ?"

"ಮುಂಜಾನೆ ದೇವರ ಫೋಟೋ, ಸಂಜಿಮುಂದ ಬಂಗಾರದಂಗಡಿ ಜಾಹೀರಾತ ರೀ."

"ನಡುವ?"

"ನಡುವನೂ ದೇವರ ಫೋಟೋನ ರೀ. ಅದನ್ನ ತಗದ್ರ ಮಂದಿ ಕೇಬಲ್ ಹೋತು ಅಂತ ಫೋನ್ ಮಾಡ್ತಾರ."

"ನಾ ನಿನಗ ಧಾರಾವಾಹಿ ಕೊಡ್ತೇನಿ. ನಮ್ಮ ಊರು, ನಮ್ಮ ಮಂದಿ. ವಾರಕ್ಕೊಂದು ಕಂತು. ಬೆಂಗಳೂರಿನವ್ರು ಬಂದು ನೋಡಿ ಕಲೀಬೇಕು."

ರಾಜಕುಮಾರ ಒಪ್ಪಿದ. ಅವನಿಗೆ ಮದುವೆ ಸೀಜನ್ ಮುಗಿದಿತ್ತು.

ಕಥೆ ಬರೆದು ಕೊಟ್ಟವರು ಜಮಖಂಡಿಯ ಇಂದಿರಾಬಾಯಿ. ಸಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಮರಾಠಿ ಮಾತಾಡುತ್ತಿದ್ದುದರಿಂದ ಅವರ ಕನ್ನಡ ಬಳಸದೆ ಕಪಾಟಿನಲ್ಲಿಟ್ಟ ಬೆಳ್ಳಿ ತಾಟಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಧಾರಾವಾಹಿಗೆ 'ಕೀಲಿಕೈ ಗೊಂಚಲು' ಎಂದು ಹೆಸರಿಟ್ಟರು. ಮುಧೋಳದಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದ ಉಜ್ವಲಾ ಸೊಸೆ, ಲೋಕಾಪುರದ ಗೊಬ್ಬರದಂಗಡಿಯ ಮಾಂತೇಶ ಮಗ. ಹೆಂಡತಿ ಸತ್ತು ಅವಳ ಫೋಟೋದ ಮುಂದೆ ಕಣ್ಣೀರಿಡುವ ಮಾವನ ಪಾತ್ರ ಕಾಶಪ್ಪನದು. ನಿರ್ಮಾಪಕನೂ ಅವನೇ, ನಿರ್ದೇಶಕನೂ ಅವನೇ.

ಮೊದಲ ದಿನವೇ ಎರಡು ಸಂಕಟ ಎದುರಾದವು. ಬನಹಟ್ಟಿಯ ಯಾವ ಓಣಿಯಲ್ಲಿ ಕ್ಯಾಮೆರಾ ಇಟ್ಟರೂ ಮಾತಿನ ಬದಲು ಮಗ್ಗದ ಸಪ್ಪಳವೇ ದಾಖಲಾಗುತ್ತಿತ್ತು. ಅದರ ಮೇಲೆ ಇಂದಿರಾಬಾಯಿಯವರ ಸಂಭಾಷಣೆ. "ಆರ್ಯಪುತ್ರ, ನಿಮ್ಮ ಔದಾಸೀನ್ಯವು ನನ್ನ ಅಂತಃಕರಣವನ್ನು ದಗ್ಧಗೊಳಿಸಿದೆ" ಎಂಬಲ್ಲಿಗೆ ಬಂದಾಗ ಉಜ್ವಲಾಳ ನಾಲಿಗೆ ಹೊರಳಲಿಲ್ಲ. ಮಾಂತೇಶ ತನ್ನ ಸಾಲನ್ನು ಅಂಗೈಯಲ್ಲಿ ಬರೆದುಕೊಂಡಿದ್ದ, ಬೆವರಿಗೆ ಅಳಿಸಿತು. ಇನ್ನು ನಿರ್ದೇಶಕನಿಗೆ ಬಾಯಿಪಾಠದ ಸುಖ ಎಷ್ಟಿತ್ತು ಎಂಬುದು ಗೊತ್ತೇ ಇದೆ.

ಅಲ್ಲಿ ಕಾಶಪ್ಪನ ಪ್ರತಿಭೆ ಬೆಳಗಿತು. "ಮಾತಿನ ಚಿಂತಿ ಬಿಡ್ರಿ. ಬಾಯಿ ಆಡಿಸಿದ್ರ ಸಾಕು. ಏನರ ಅನ್ರಿ, ಮಾರಿ ಮ್ಯಾಲಿನ ಭಾವ ಮಾತ್ರ ಬಿಡಬ್ಯಾಡ್ರಿ. ಮಾತು ಆಮ್ಯಾಲ ಹಾಕೂಣು."

ಹಾಗೇ ಆಯಿತು. ಚಿತ್ರೀಕರಣ ಬನಹಟ್ಟಿಯಲ್ಲಿ, ದನಿ ಮಾತ್ರ ಜಮಖಂಡಿಯಲ್ಲಿ, ಇಂದಿರಾಬಾಯಿಯವರ ಹಳೆಯ ವಾಡೆಯ ದಪ್ಪ ಗೋಡೆಯ ನಡುಮನೆಯಲ್ಲಿ. ಹೆಂಗಸರ ಮಾತನ್ನೆಲ್ಲ ಇಂದಿರಾಬಾಯಿಯವರೇ ಓದುತ್ತಿದ್ದರು, ಗಂಡಸರದ್ದನ್ನೆಲ್ಲ ಕಾಶಪ್ಪ. ಮಗನೂ ತಂದೆಯೂ ಜಗಳಾಡುವಾಗ ಅವನೊಬ್ಬನೇ ಎರಡು ದನಿಯಲ್ಲಿ ಬೈದುಕೊಳ್ಳುತ್ತಿದ್ದ. ಜೋಡಿಸುವ ಕೆಲಸ ರಾಜಕುಮಾರನದು. ಮದುವೆಯ ರೂಢಿ ಬಿಡಲಾರದೆ ಅಳುವ ದೃಶ್ಯಗಳಲ್ಲೂ ಅವನು ಪರದೆಯ ಮೂಲೆಯಿಂದ ಗುಲಾಬಿ ಪಕಳೆ ಉದುರಿಸುತ್ತಿದ್ದ.

ಕಾಶಪ್ಪ ಹೊಸ ಟಿವಿ ತಂದು ಸಾವಕ್ಕನ ಮಗ್ಗದ ಎದುರಿಗೇ ಗೋಡೆಗೆ ಮೊಳೆ ಹೊಡೆದು ಕೂಡ್ರಿಸಿದ. "ಮನ್ಯಾಗ ಕುಂತು ನೋಡಬಹುದು. ಎಲ್ಲಿಗೂ ಹೋಗೂದು ಬ್ಯಾಡ" ಎಂದ. ಸಾವಕ್ಕ ಮರುಮಾತಾಡದೆ ಒಂದು ಟವೆಲ್ ತಂದು ಟಿವಿಯ ಮುಖಕ್ಕೆ ಹೊದಿಸಿದಳು. ಮೊದಲ ಕಂತು ಬಂದ ಸಂಜೆ ಕಾಶಪ್ಪ ಟವೆಲ್ಲಿನ ಮುಂದೆ ಕೂತು ತನ್ನ ದನಿಯನ್ನಷ್ಟೇ ಕೇಳಲು ನೋಡಿದ. ಖಟಖಟದಲ್ಲಿ ಅದೂ ಕೇಳಲಿಲ್ಲ.

ಮನೆಯಲ್ಲಿ ಹೀಗಾದರೂ ಊರಲ್ಲಿ ಬೇರೆ ಗಾಳಿ ಬೀಸಿತು. ಎರಡನೇ ಕಂತಿನ ಹೊತ್ತಿಗೆ ಜನ ಕಾಶಪ್ಪನನ್ನು ಕಂಡಲ್ಲಿ ನಿಂತು ಕೈ ಮುಗಿಯತೊಡಗಿದರು. ನಾಲ್ಕನೇ ಕಂತಿಗೆ ರಬಕವಿಯ ಮಗ್ಗದ ಕಾರ್ಖಾನೆಗಳಲ್ಲಿ ಮಾಲೀಕರೇ ಟಿವಿ ತಂದು ಗೋಡೆಗೆ ಹಾಕಿಸಿದರು. ಚಿಕ್ಕಪಡಸಲಗಿಯ ಬೀಗರು ಫೋನ್ ಮಾಡಿ, ತಮ್ಮೂರಿಗೂ ವೈರು ಎಳೆಸಿ ಎಂದು ರಾಜಕುಮಾರನಿಗೆ ದುಂಬಾಲು ಬಿದ್ದರು. ಕ್ಷೌರದಂಗಡಿಯಲ್ಲಿ ಕಾಶಪ್ಪನ ಗಡ್ಡಕ್ಕೆ ಸರತಿ ಕಾಯುವುದು ತಪ್ಪಿತು. ಬಿರುದಿನ ಬ್ಯಾನರ್ ಕಟ್ಟಿದ್ದು ಆಗಲೇ. ಒಂದೇ ಒಂದು ವಿಷಯ ಅವನಿಗೆ ತಿಳಿಯಲಿಲ್ಲ. ಇಷ್ಟು ದುಃಖದ ಕಥೆ ನೋಡಿದವರು ತನ್ನನ್ನು ಕಂಡು ಯಾಕೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ? ದುಃಖ ತಡೆಯಲಾರದೆ ಇರಬೇಕು ಎಂದು ತಾನೇ ಸಮಾಧಾನ ಮಾಡಿಕೊಂಡ.

ಆರನೇ ಕಂತು ಬರುವ ಸಂಜೆ, ಜನ ಅಳುವುದನ್ನು ಕಣ್ಣಾರೆ ನೋಡಬೇಕೆಂದು ಕಾಶಪ್ಪ ರಬಕವಿಗೆ ಹೋಗಿ ವೀರಣ್ಣನ ಕಾರ್ಖಾನೆಯ ಬಾಗಿಲಲ್ಲಿ ನಿಂತ. ಮಗ್ಗಗಳೆಲ್ಲ ಓಡುತ್ತಿದ್ದವು. ಗೋಡೆಯ ಟಿವಿಯಲ್ಲಿ ಸ್ವತಃ ಅವನೇ. ಹಾರ ಹಾಕಿದ ಹೆಂಡತಿಯ ಫೋಟೋದ ಮುಂದೆ ನಿಂತು, ಎದೆ ಬಡಿದುಕೊಂಡು, ತುಟಿ ಅದುರಿಸುತ್ತ ಅಳುತ್ತಿದ್ದಾನೆ. ಗುಲಾಬಿ ಪಕಳೆ ಉದುರುತ್ತಿವೆ. ಮಗ್ಗದ ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಒಬ್ಬನಂತೂ ನೆಲದ ಮೇಲೆ ಕೂತುಬಿಟ್ಟಿದ್ದ.

ವೀರಣ್ಣ ಕಾಶಪ್ಪನನ್ನು ಹೊರಗೆ ಕರೆತಂದು ಚಹಾ ತರಿಸಿದ.

"ಮಂದಿ ಯಾಕ ನಗಾಕತ್ತಾರ, ವೀರಣ್ಣ? ನಾ ಅಲ್ಲೆ ಅಳಾಕತ್ತೇನಿ."

"ಅಳಾಕತ್ತೀರಿ ಖರೆ. ಆದ್ರ ಏನಂತ ಅಳಾಕತ್ತೀರಿ?"

"ಪ್ರಾಣೇಶ್ವರಿ, ನಿನ್ನ ವಿಯೋಗದ ದಾವಾನಲದಲ್ಲಿ..."

"ಅದು ಮನ್ಯಾಗ ಕುಂತವ್ರಿಗೆ ಕೇಳ್ತೈತ್ರಿ. ನಮಗೇನ್ ಕೇಳ್ತೈತಿ? ಮಗ್ಗದಾಗ ಕಿವಿ ಇದ್ರೇನು, ಇಲ್ಲದಿದ್ರೇನು. ನಾವು ತುಟಿ ನೋಡೇ ಮಾತಾಡಾವ್ರು. ಇಡೀ ಊರಿಗೆ ಗೊತ್ತೈತಿ. ನೀವು ನೇಕಾರ ಮನ್ಯಾಗ ಹುಟ್ಟಿ ಇದನ್ನ ಕಲೀಲಿಲ್ಲೇನು?"

"ಅಂದ್ರ ಟಿವಿ ಒಳಗಿನವ್ರ ತುಟೀನೂ...?"

"ತುಟಿ ತುಟೀನ ಅಲ್ಲೇನ್ರಿ? ಟಿವಿಯಾಗ ಇನ್ನೂ ದೊಡ್ಡವು ಕಾಣ್ತಾವು."

ಆಮೇಲೆ ವೀರಣ್ಣ ಒಂದೊಂದಾಗಿ ಬಿಚ್ಚಿದ. ಮದುವೆಯ ರಾತ್ರಿಯ ದೃಶ್ಯದಲ್ಲಿ ಉಜ್ವಲಾ ನಾಚಿ ತಲೆತಗ್ಗಿಸಿ ಹೇಳಿದ್ದು, "ಮಾಂತೇಶಣ್ಣ, ನಿನ್ನ ಮೀಸಿ ಒಂದು ಕಡೆ ಕಿತ್ತು ಬಂದೈತಿ ನೋಡು." ಅದಕ್ಕೆ ಮಾಂತೇಶ ಅವಳ ಗಲ್ಲ ಹಿಡಿದು ಪ್ರೀತಿಯಿಂದ ಕೊಟ್ಟ ಉತ್ತರ, "ಯೂರಿಯಾ ಲಾರಿ ಬರೂದೈತಿ, ಲಗೂ ಮುಗಸ್ರಿ." ಮನೆ ಬಿಟ್ಟು ಹೋಗುವ ಸೊಸೆ ಹೊಸ್ತಿಲಲ್ಲಿ ಹಿಂತಿರುಗಿ ಬಿಕ್ಕಿದ್ದು, ಮುಧೋಳದ ಬಸ್ಸು ತಪ್ಪಿತು ಎಂದು.

"ಮತ್ತ ನಾ ಏನಂದೇನಿ?" ಎಂದ ಕಾಶಪ್ಪ.

ವೀರಣ್ಣ ನೆಲ ನೋಡಿದ. "ನೀವು ಎಲ್ಲಾ ಕಂತಿನ್ಯಾಗೂ ಅದನ್ನ ಅಂದೀರಿ. 'ನಿನ್ನೇನೂ ಪುಂಡಿಪಲ್ಯ, ಇವತ್ತೂ ಪುಂಡಿಪಲ್ಯ. ಒಂದು ಬದನಿಕಾಯಿ ಎಣಗಾಯಿ ಮಾಡಂದ್ರ ಈ ಸಾವಕ್ಕ ಕಿವಿ ಮ್ಯಾಲ ಹಾಕ್ಕೊಳ್ಳೂದಿಲ್ಲ.' ಹೆಸರ ಹಿಡದು ಅಂದೀರಿ. ಎದಿ ಬಡಕೊಂಡು."

ಕಾಶಪ್ಪನಿಗೆ ಎಲ್ಲವೂ ಒಂದೇ ಏಟಿಗೆ ಹೊಳೆಯಿತು. ಎಲೆ ಅಡಿಕೆಯಲ್ಲದ ಎಲೆ ಅಡಿಕೆ. ಉಕ್ಕಿಹೋದ ಹಾಲು. ಇಷ್ಟು ವರ್ಷ ಹೆಂಡತಿ ಮಗ್ಗದಾಚೆಯಿಂದ ಏನೇನೋ ಹೇಳಿದ್ದಳು. ತಾನು ಏನೂ ತಿಳಿಯದೆ ಮಹಾರಾಜನಂತೆ ತಲೆಯಾಡಿಸಿದ್ದ.

ಮನೆಗೆ ಓಡಿದ. ಮಗ್ಗದ ಮನೆಯಲ್ಲಿ ಕಂಡದ್ದನ್ನು ಕಂಡು ಬಾಗಿಲಲ್ಲೇ ನಿಂತ. ಟಿವಿಯ ಮೇಲಿನ ಟವೆಲ್ ಇರಲಿಲ್ಲ. ಸಾವಕ್ಕ ಸ್ಟೂಲ್ ಹಾಕಿಕೊಂಡು ಪರದೆಯ ಎದುರಿಗೇ ಕೂತಿದ್ದಳು. ಕಂತು ಮುಗಿದು ಬಂಗಾರದಂಗಡಿಯ ಜಾಹೀರಾತು ಬರುತ್ತಿತ್ತು. ತೇರದಾಳದ ಆ ಸಂಜೆಯಿಂದ ಕಾಶಪ್ಪ ಹಂಬಲಿಸಿದ್ದು ಇದನ್ನೇ. ಕೊನೆಗೂ ಸಾವಕ್ಕ ಅವನ ಆಟವನ್ನು ಪೂರ್ತಿ ನೋಡಿದ್ದಳು.

"ಓಣಿ ಹೆಂಗಸರು ಒಬ್ಬೊಬ್ರ ಬಂದು ಕೇಳಾಕತ್ರು, ಏನ್ ಬೇ ಸಾವಕ್ಕ, ದಿನಾ ಪುಂಡಿಪಲ್ಯನ ಅಂತ. ಏನಂದಾರ ನೋಡೇಬಿಡೂಣು ಅಂತ ಟವೆಲ್ ತಗದೆ" ಎಂದಳು ಮಗ್ಗ ನಿಲ್ಲಿಸಿ. "ಆಕಿ ಮುಂದ ಅರಮನಿ, ಸ್ಮಶಾನ. ನನಗ ಪುಂಡಿಪಲ್ಯ. ಒಂದು ಸ್ವಂತದ ಮಾತು ಹೇಳ್ರಿ ಅಂದಿದ್ದೆ. ಹೇಳಿದ್ರಿ, ಛಲೋ ಆತು."

ಅಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಳು. ಮುಂಜಾನೆ ರೊಟ್ಟಿಗೆ ಪುಂಡಿಪಲ್ಯ, ಮಧ್ಯಾಹ್ನ ಪುಂಡಿಪಲ್ಯ, ರಾತ್ರಿಗೂ ಅದೇ. ಕಾಶಪ್ಪನಿಗೆ ಅವಮಾನಕ್ಕಿಂತ ಸಂಕಟ ಹೆಚ್ಚಾಯಿತು. ಊರು ನಕ್ಕರೆ ನಗಲಿ, ಅದು ನಟನಿಗೆ ಹೊಸದಲ್ಲ. ಆದರೆ ಅವಳಿಗೆ ತನ್ನ ಬಾಯಿಂದ ಬಂದ ಒಂದೇ ಒಂದು ಸ್ವಂತ ಮಾತು ಪಲ್ಯದ ದೂರಾಯಿತಲ್ಲ ಎಂದು ನೆನೆದಾಗಲೆಲ್ಲ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಕ್ಷಮೆ ಕೇಳೋಣವೆಂದು ಅವಳ ಎದುರು ನಿಂತರೆ ಹಳೆಯ ರೋಗ, ನಾಲಿಗೆ ಏಳುತ್ತಿರಲಿಲ್ಲ.

ಧಾರಾವಾಹಿಯ ಒಂದೇ ಕಂತು ಉಳಿದಿತ್ತು. ಅದನ್ನೂ ಸಾವಕ್ಕ ನೋಡುತ್ತಾಳೆ ಎಂದು ತಂಗೆವ್ವ ಹೇಳಿದಳು. "ಇನ್ನೇನ್ ಬೈತಾರ ಅಂತ ನೋಡಾಕ ಕುಂಡರ್ತಾಳಂತ. ಮರುದಿನಾನ ಟಿವಿ ಕಿತ್ತು ಮಾರ್ತಾಳಂತ."

ಕಾಶಪ್ಪ ತಂಗೆವ್ವನ ಕಾಲಿಗೆ ಬೀಳುವುದೊಂದು ಬಾಕಿ. "ತಂಗೆವ್ವ, ನನಗ ಆ ತುಟಿ ಮಾತು ಕಲಸು."

"ಈ ವಯಸ್ಸಿಗಾ?" ಎಂದು ನಕ್ಕರೂ ತಂಗೆವ್ವ ಹಿತ್ತಲಲ್ಲಿ ಕೂಡ್ರಿಸಿಕೊಂಡು ಕಲಿಸಿದಳು. ಅವಸರ ಮಾಡಬಾರದು. ತುಟಿ ಅಗಲ ತೆರೆಯಬೇಕು. ತಲೆ ಅಲ್ಲಾಡಿಸಬಾರದು. ಕಣ್ಣು ಹೊರಳಿಸಬಾರದು, ಎದೆ ಬಡಿದುಕೊಳ್ಳಬಾರದು, ಕೈ ಎತ್ತಲೇಬಾರದು. ಜೀವಮಾನವಿಡೀ ಕೈ ಎತ್ತಿದವನಿಗೆ ಇದೇ ಕಠಿಣವಾಯಿತು. ಕೊನೆಗೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕಲಿತ. ಅವಳ ತುಟಿ ನೋಡಿ ಓದುವುದನ್ನೂ ಒಂದೆರಡು ಕೈಸನ್ನೆಗಳನ್ನೂ ತಕ್ಕಮಟ್ಟಿಗೆ ರೂಢಿಸಿಕೊಂಡ.

ಕೊನೆಯ ದೃಶ್ಯವೂ ಫೋಟೋದ ಮುಂದಿನದೇ. "ರಾಜಕುಮಾರ, ಬರೇ ನನ್ನ ಮಾರಿ ಹಿಡಿ. ಹೂ ಗೀ ಉದರಸಿದ್ರ ನೋಡು ಮತ್ತ" ಎಂದು ತಾಕೀತು ಮಾಡಿ ಕಾಶಪ್ಪ ಕ್ಯಾಮೆರಾ ನೋಡುತ್ತ ಕೂತ. ಪ್ರಾಂಪ್ಟರ್ ಇಲ್ಲ, ಬರೆದ ಹಾಳೆ ಇಲ್ಲ. ಬಾಯಿ ತೆರೆದ. ಈ ಸಲ ಮುಚ್ಚಲಿಲ್ಲ. ಏನು ಹೇಳಿದನೆಂಬುದು ಸಪ್ಪಳದಲ್ಲಿ ರಾಜಕುಮಾರನಿಗೂ ಕೇಳಲಿಲ್ಲ. ಮರುದಿನ ಜಮಖಂಡಿಯ ವಾಡೆಯಲ್ಲಿ ಇಂದಿರಾಬಾಯಿ ಹಾಳೆ ಕೊಟ್ಟರು. ಕಾಶಪ್ಪ ಅದನ್ನು ಎಂದಿನಂತೆ ಗುಡುಗಿದ.

"ಅಹೋ ಕಾಶಪ್ಪ, ಈ ಸಲ ನಿಮ್ಮ ಧ್ವನಿಯೊಳಗ ದುಃಖ ಕಮ್ಮಿ ಆಗೇದ" ಎಂದರು ಅವರು ಕನ್ನಡಕ ಸರಿಸಿ.

"ದುಃಖ ಎಲ್ಲಾ ಅಲ್ಲೇ ಖರ್ಚಾತು ರೀ, ಬಾಯಾರ" ಎಂದ ಕಾಶಪ್ಪ.

ಕೊನೆಯ ಕಂತಿನ ಸಂಜೆ ಅವನು ಮನೆಯೊಳಗೆ ಹೋಗಲಿಲ್ಲ. ಮಗ್ಗದ ಮನೆಯ ಬಾಗಿಲ ಮರೆಯಲ್ಲಿ ನಿಂತ. ಒಳಗೆ ಎರಡೂ ಮಗ್ಗ ಓಡುತ್ತಿದ್ದವು. ಸಾವಕ್ಕ ಒಂದು ಕಣ್ಣು ಹಾಸಿನ ಮೇಲೆ, ಒಂದು ಕಣ್ಣು ಟಿವಿಯ ಮೇಲೆ ಇಟ್ಟು ನಿಂತಿದ್ದಳು. ಮುಖ ಗಡುಸಾಗಿತ್ತು. ಸತ್ತ ಅತ್ತೆಯ ಕೀಲಿಕೈ ಸೊಸೆಗೆ ಸಿಕ್ಕಿತು, ಮಾಂತೇಶನ ಮೀಸೆ ಕೊನೆಗೂ ಗಟ್ಟಿಯಾಗಿ ಕೂತಿತ್ತು. ಆಮೇಲೆ ಪರದೆಯ ತುಂಬ ಕಾಶಪ್ಪನ ಮುಖ ಬಂತು. ಕಣ್ಣು ಹೊರಳಲಿಲ್ಲ, ಕೈ ಏಳಲಿಲ್ಲ. ತುಟಿ ಮಾತ್ರ ಆಡಿದವು.

'ಸಾವಕ್ಕ. ಇದು ಬರದು ಕೊಟ್ಟದ್ದಲ್ಲ.'

ತಂಗೆವ್ವ ತನ್ನ ಮಗ್ಗ ನಿಲ್ಲಿಸಿದಳು.

'ತೇರದಾಳದಾಗ ನೀ ಎದ್ದು ಹೋದಿ. ಆವತ್ತಿಂದ ನಾ ಎಲ್ಲೆ ಆಟ ಮಾಡಿದ್ರೂ ಆ ಕುರ್ಚೀನ ನೋಡೇನಿ. ನಾ ರಾಜ ಆಗಿ ಊರೂರು ತಿರಗಿದೆ, ಮನಿ ನೀ ನಡಸಿದಿ. ಮಗಳ ಮದಿವಿಗೆ ಬೀಗರಂಗ ಬಂದು ಹೋದೆ. ನನಗ ಮಾತು ಬರೂದಿಲ್ಲ ಸಾವಕ್ಕ. ನೀ ಇಲ್ಲದ ಮನ್ಯಾಗ ನನಗ ನೀರ ಕುಡಿಯಾಕ ತಂಬಿಗಿ ಎಲ್ಲಿರತೈತಿ ಅನ್ನೂದೂ ಗೊತ್ತಿಲ್ಲ. ಪುಂಡಿಪಲ್ಯ ಛಲೋ ಇರತೈತಿ. ತಪ್ಪಾತು.'

ಸಾವಕ್ಕನ ಕೈ ಹಿಡಿಕೆಗೆ ಹೋಯಿತು. ಅವಳ ಮಗ್ಗವೂ ನಿಂತಿತು. ಅತ್ತಿತ್ತಲ ಮನೆಗಳ ಮಗ್ಗಗಳೂ ಒಂದಾದ ಮೇಲೊಂದು ನಿಂತವು. ಓಣಿಯಲ್ಲಿ ಅಷ್ಟು ನಿಶ್ಶಬ್ದವನ್ನು ಹುಟ್ಟಿದಂದಿನಿಂದ ಕೇಳಿರದ ಒಂದು ನಾಯಿ ಹೆದರಿ ಬೊಗಳಿತು. ಸಪ್ಪಳ ನಿಂತದ್ದೇ ಟಿವಿಯೊಳಗಿನ ದನಿ ಮೊದಲ ಬಾರಿಗೆ ಆ ಮನೆಯಲ್ಲಿ ಕೇಳಿಸಿತು: "ಹೇ ಪ್ರಾಣೇಶ್ವರಿ! ನಿನ್ನ ವಿಯೋಗದ ದಾವಾನಲದಲ್ಲಿ ಮದೀಯ ಹೃದಯಕಮಲವು..."

"ಆ ದನಿ ಬಂದ್ ಮಾಡ, ತಂಗೆವ್ವ" ಎಂದಳು ಸಾವಕ್ಕ. "ಅವ್ರು ಏನೋ ಹೇಳಾಕತ್ತಾರ."

ತಂಗೆವ್ವ ದನಿ ಇಳಿಸುವಷ್ಟರಲ್ಲಿ ಮುಖ ಮರೆಯಾಗಿ 'ಶುಭಂ' ಬಂದಿತ್ತು, ಅದರ ಸುತ್ತ ರಾಜಕುಮಾರನ ಗುಲಾಬಿ ಪಕಳೆ. ಸಾವಕ್ಕ ಕಣ್ಣೊರೆಸಿಕೊಂಡು ತಿರುಗಿದಾಗ ಬಾಗಿಲ ಸಂದಿಯಲ್ಲಿ ಗಂಡನ ಧೋತರದ ಅಂಚು ಕಂಡಿತು.

ಮಗ್ಗದ ಮಂದಿಗೆ ಕೈಸನ್ನೆಗಳೂ ಇವೆ. ಎಳೆ ಹರಿದು ಮಗ್ಗ ನಿಂತಾಗ, ಎಳೆ ಕೂಡಿಸಿದವರು ತೋರುಬೆರಳೆತ್ತಿ ಗಾಳಿಯಲ್ಲಿ ಒಂದು ಸುತ್ತು ತಿರುಗಿಸುತ್ತಾರೆ. ಮತ್ತೊಮ್ಮೆ ಚಾಲೂ ಮಾಡು ಎಂದು ಅದರ ಅರ್ಥ. ಸಾವಕ್ಕ ಬಾಗಿಲ ಕಡೆ ನೋಡುತ್ತ ತೋರುಬೆರಳೆತ್ತಿ ಒಂದು ಸುತ್ತು ತಿರುಗಿಸಿದಳು.

ತಂಗೆವ್ವ ಕಲಿಸಿದ ಸನ್ನೆಗಳಲ್ಲಿ ಇದೂ ಇತ್ತು. ಕಾಶಪ್ಪ ಬಾಗಿಲ ಮರೆಯಿಂದ ಒಳಗೆ ಬಂದ. ನೂರಾರು ಊರು, ಸಾವಿರಾರು ಜನ ಯಾರೂ ಕೊಡದಿದ್ದ ಒನ್ಸ್ ಮೋರ್. ಆದರೆ ತಂಗೆವ್ವ ಅಲ್ಲೇ ನಿಂತಿದ್ದಾಳೆ, ಓಣಿಯ ಕಿಟಕಿಗಳೆಲ್ಲ ಕಿವಿಯಾಗಿವೆ. ಅವನು ಸಂಕೋಚದಿಂದ ಅತ್ತಿತ್ತ ನೋಡಿದ. ಸಾವಕ್ಕನಿಗೆ ಅರ್ಥವಾಯಿತು. ಮಗ್ಗದ ಸ್ವಿಚ್ ಒತ್ತಿದಳು. ಖಟಖಟ ಎದ್ದಿತು, ತಂಗೆವ್ವ ತಾನೇ ತಿಳಿದು ಮುಖ ಆ ಕಡೆ ತಿರುಗಿಸಿದಳು.

ಕಾಶಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೆಂಡತಿಯ ಎದುರು ನಿಂತು, ಎಲ್ಲವನ್ನೂ ಮತ್ತೊಮ್ಮೆ ಹೇಳಿದ. ಸಾವಕ್ಕ ಕೊನೆತನಕ ನೋಡಿದಳು. ಆಮೇಲೆ ಅವಳೂ ತುಟಿ ಆಡಿಸಿದಳು. ಕಾಶಪ್ಪ ಕಣ್ಣು ಕಿರಿದು ಮಾಡಿ ಅಕ್ಷರ ಅಕ್ಷರವಾಗಿ ಓದಿಕೊಂಡ.

'ಕೈಕಾಲು ತೊಳಕೋರಿ. ಎಣಗಾಯಿ ಮಾಡ್ತೇನಿ.'

ಕಾಶಪ್ಪ ತಲೆಯಾಡಿಸಿದ. ಈ ಸಲ ತಿಳಿದೇ ತಲೆಯಾಡಿಸಿದ.